ನಾಲ್ಕು ಚಕ್ರದ ಧೈರ್ಯ

ವೈಪರ್ ಒಂದು ಸಲ ಒರೆಸಿತು, ಗಾಜಿನ ಮೇಲೆ ಗೆರೆ ಉಳಿಯಿತು, ಇನ್ನೊಂದು ಸಲ, ಮತ್ತೆ ಅದೇ ಗೆರೆ, ಹಾಳಾದ್ದು, ರಸ್ತೆ ನಡುವಿನ ಹಳದಿ ಪಟ್ಟಿ ಎಲ್ಲಿ ಹೋಯಿತು, ನವೆಂಬರ್ ಹದಿನಾರಕ್ಕೇ ಇಷ್ಟು ಹಿಮವೇ, ನಿನ್ನೆಯಷ್ಟೇ ಅಂಗಳದಲ್ಲಿ ಹುಲ್ಲು ಕಾಣುತ್ತಿತ್ತು — ಪಕ್ಕದ ಸೀಟಿನಲ್ಲಿ ಬ್ರಿಟಾಳ ಊಟದ ಡಬ್ಬಿ, ಬಿಸಿ ಪಾಸ್ಟಿ ಕಡುಬಿನ ವಾಸನೆ, ಮಾಂಸ, ಆಲೂಗಡ್ಡೆ, ಈರುಳ್ಳಿ, ಕಾರೆಲ್ಲ ಅದೇ. ಮಗಳು ಡಬ್ಬಿ ಬಿಟ್ಟು ಹೋದದ್ದು ಮರೆತು ಅಲ್ಲ, ಸಿಟ್ಟಿಗೆ. ಹತ್ತೊಂಬತ್ತಕ್ಕೇ ಇಷ್ಟು ಸಿಟ್ಟು, ನಾನು ಅಂದದ್ದಾದರೂ ಏನು, ನನ್ನ ಕಾರು ತಗೊಂಡು ಹೋಗೇ ಅಂದೆ, ಅಷ್ಟೇ. ನಿನ್ನ ಆ ಮುದಿ ಗಾಡೀಲಿ ಮುಂದಿನ ಎರಡು ಚಕ್ರ ತಾನೇ ಎಳೆಯೋದು, ಮಿಲ್ ಗುಡ್ಡದ ಅರ್ಧಕ್ಕೇ ಕೂತ್ಬಿಡುತ್ತೆ. ಕೂತ್ರೆ ಕೂರ್ಲಿ ಬಿಡಮ್ಮಾ, ನನ್ನ ಗಾಡಿಗೆ ಚಳಿಗಾಲದ ಟೈರಿದೆ, ನಿಂದಕ್ಕೆ ಹಾಕ್ಸಿದೀಯಾ? ಹಾಕ್ಸಿದೀನಿ ಕಣೇ, ಹೋದ ವಾರಾನೇ. ಸುಳ್ಳು. ಎಷ್ಟು ಸಲೀಸಾಗಿ ಬಂತು ಬಾಯಿಗೆ. ಹಾಗಂದರಾದರೂ ಕೀಲಿ ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ, ತೆಗೆದುಕೊಳ್ಳಲಿಲ್ಲ, ಅಪ್ಪನ ಬೇಟೆಯ ಟೋಪಿ, ಆ ಕಣ್ಣು ಕುಕ್ಕುವ ಕಿತ್ತಳೆ ಟೋಪಿ ತಲೆಗೇರಿಸಿಕೊಂಡು ಹೊರಟೇಬಿಟ್ಟಳು, ಹಿಂದಿನ ಗಾಜಿನಲ್ಲಿ ಟೋಪಿಯೊಂದೇ ಕಂಡಿತು, ಒಂದು ಸಲವೂ ತಿರುಗಲಿಲ್ಲ.

ಅವಳ ಫೋನ್ ರಿಂಗಾಗುತ್ತಿದೆ, ಎತ್ತುತ್ತಿಲ್ಲ, ಎಂಟಕ್ಕೆ ಅವಳ ಕೆಲಸ ಶುರು, ಈಗ ಎಂಟೂ ಮುಕ್ಕಾಲು, ವೃದ್ಧಾಶ್ರಮದ ಅಡುಗೆಮನೆಯವಳು ಏನಂದಳು, ಬ್ರಿಟಾ ಇನ್ನೂ ಬಂದಿಲ್ವಲ್ಲಾ, ನಾವೂ ಅದನ್ನೇ ಕೇಳೋಣ ಅಂತಿದ್ವಿ. ಎಲ್ಲಿಗೆ ಹೋದಳು ಹಾಗಾದರೆ, ಹದಿನೈದು ನಿಮಿಷದ ದಾರಿ. ಅವಳಪ್ಪ ಡೇಲ್‌ಗೆ ಹೇಳೋಣವೆಂದರೆ ಈ ಗಂಡಸರು ಕಾಡು ಹೊಕ್ಕರೆ ಮುಗಿಯಿತು, ಜಿಂಕೆ ಬೇಟೆಯ ಗುಡಿಸಲಿನಲ್ಲಿ ಸಿಗ್ನಲ್ ಇಲ್ಲ, ಇದ್ದರೂ ಎತ್ತುವುದಿಲ್ಲ, ಬಿಯರು, ಇಸ್ಪೀಟು, ಇಲ್ಲಿ ಹೆಂಡತಿ ಸಾಯುತ್ತಿರಲಿ. ಬೇಟೆ ಶುರುವಾಗುವ ಮುನ್ನ ಊರಿಗೆ ಊರೇ ಟೈರು ಬದಲಿಸಲು ವೆರ್ನ್‌ನ ಗ್ಯಾರೇಜಿನ ಮುಂದೆ ಸಾಲು ನಿಲ್ಲುತ್ತದೆ, ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಹೆಸರು, ಡೇಲ್‌ನ ಪಿಕಪ್ಪಿಗೆ ಆಯಿತು, ಬ್ರಿಟಾಳ ಗಾಡಿಗೆ ಆಯಿತು, ಮೂರನೆಯದು ನನ್ನ ಸರದಿ, ನಾನೇ ಅಳಿಸಿ ಹಾಕಿಸಿದೆ. ಕಾಡಿಗೆ ಹೋಗೋರದ್ದು ಮೊದಲು ಮುಗಿಸು ವೆರ್ನ್, ನಂದು ಬೇಟೆ ಮುಗಿದ ಮೇಲೆ ನೋಡೋಣ, ನಾಲ್ಕೂ ಚಕ್ರ ಎಳೆಯೋ ಕಾರು ಇದು. ಎಣ್ಣೆ ಕೈ ಒರೆಸಿಕೊಳ್ಳುತ್ತಾ ನಕ್ಕ ಅವನು, ಎಳೆಯೋದೇನೋ ಎಳೆಯುತ್ತೆ ಕರೀನ್, ನಿಲ್ಲಿಸೋದು ಟೈರು, ಮೊದಲನೇ ಹಿಮಕ್ಕೆ ನಾನು ಚರಂಡಿಯಿಂದ ಎತ್ತೋದೆಲ್ಲ ನಿನ್ನಂಥೋರ ಕಾರುಗಳನ್ನೇ. ಅಧಿಕಪ್ರಸಂಗಿ. ಟೈರು ಮಾರುವವನು ಇನ್ನೇನು ಹೇಳಿಯಾನು.

ನೋಡು, ಎಷ್ಟು ಚೆನ್ನಾಗಿ ಹತ್ತುತ್ತಿದೆ, ಗೇಟಿನಿಂದ ಹೊರಡುವಾಗಲೂ ಅಷ್ಟೇ, ಗೇಣುದ್ದ ಹಿಮ, ಒಂದು ಚಕ್ರವೂ ಸುಮ್ಮನೆ ಗಿರಕಿ ಹೊಡೆಯಲಿಲ್ಲ, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಂತು, ವೆರ್ನ್ ಇಲ್ಲಿದ್ದಿದ್ದರೆ ತೋರಿಸುತ್ತಿದ್ದೆ. ಮಿಲ್ ಗುಡ್ಡ ಅರ್ಧವಾಯಿತು, ಅವಳ ಗಾಡಿ ಇಲ್ಲ, ಮುಕ್ಕಾಲು, ಇಲ್ಲ, ಎಡಕ್ಕೆ ಚರಂಡಿ, ಅಲ್ಲೂ ಇಲ್ಲ, ಬಲಕ್ಕೆ ಮರಗಳು, ಅದೇನು ಅಲ್ಲಿ ಕಿತ್ತಳೆ — ಅಯ್ಯೋ ದೇವರೇ — ಅಲ್ಲ, ಯಾವನೋ ಬೇಟೆಯವನು ಬಂದೂಕು ಹೆಗಲಿಗೇರಿಸಿ ಕಾಡಿನೊಳಕ್ಕೆ ನಡೆಯುತ್ತಿದ್ದಾನೆ, ಈ ವಾರ ಊರಲ್ಲಿ ಯಾರ ತಲೆ ನೋಡಿದರೂ ಕಿತ್ತಳೆ, ನನಗೆ ಬೇಕಾದದ್ದು ಒಂದೇ ಟೋಪಿ. ಗುಡ್ಡ ಹತ್ತಿದಳೋ ಹಾಗಾದರೆ, ಆ ಮುದಿ ಗಾಡಿಯಲ್ಲಿ, ಹತ್ತಿದ್ದರೆ ಇನ್ನೂ ಯಾಕೆ ತಲುಪಲಿಲ್ಲ, ಆಚೆ ಇಳಿಜಾರಿನಲ್ಲಿ ಏನಾದರೂ, ಬೇಡ, ಹಾಗೆ ಯೋಚಿಸಬೇಡ, ಸ್ವಲ್ಪ ಒತ್ತು, ಕಾರು ಗಟ್ಟಿಯಾಗಿ ಹಿಡಿದಿದೆಯಲ್ಲ, ಇನ್ನೂ ಸ್ವಲ್ಪ ಒತ್ತು, ಸಿಕ್ಕಲಿ ಅವಳು, ಮೊದಲು ಬೈಯುತ್ತೇನೆ, ಇಲ್ಲ, ಬೈಯುವುದಿಲ್ಲ, ಡಬ್ಬಿ ಕೊಟ್ಟು ಸುಮ್ಮನೆ ಬಂದುಬಿಡುತ್ತೇನೆ.

ನೆತ್ತಿ ಬಂತು. ಅಕೋ. ಕೆಳಗೆ ಮರದ ದಿಮ್ಮಿಗಳ ಲಾರಿ ರಸ್ತೆಗೆ ಅಡ್ಡ ತಿರುಗಿ ನಿಂತಿದೆ, ಅದರ ಈಚೆ ಬದಿಯಲ್ಲಿ ಮಗಳ ಮುದಿ ಗಾಡಿ, ನೆಟ್ಟಗೆ, ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತು ದೀಪ ಮಿನುಗಿಸುತ್ತಿದೆ, ರಸ್ತೆಯ ನಡುವೆ ಕಿತ್ತಳೆ ಟೋಪಿ, ಎರಡೂ ಕೈ ಎತ್ತಿ ಬೀಸುತ್ತಿದ್ದಾಳೆ, ಬರುವವರನ್ನು ತಡೆಯುತ್ತಿದ್ದಾಳೆ, ನನ್ನ ಬಂಗಾರ, ಒಂದು ಗಂಟೆಯಿಂದ ಈ ಚಳಿಯಲ್ಲಿ ಇದನ್ನೇ ಮಾಡುತ್ತಿದ್ದಳು, ಏನೂ ಆಗಿಲ್ಲ ಅವಳಿಗೆ, ಏನೂ ಆಗಿಲ್ಲ — ಬ್ರೇಕ್. ಬ್ರೇಕ್ ಒತ್ತಿದ್ದೇನೆ. ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗುತ್ತಿದೆ, ಕಾರು ನಿಲ್ಲುತ್ತಿಲ್ಲ, ಎಳೆಯುವ ನಾಲ್ಕೂ ಚಕ್ರ ಈಗ ನಾಲ್ಕೂ ಜಾರುತ್ತಿವೆ, ಸದ್ದೇ ಇಲ್ಲ, ಡಬ್ಬಿ ಕೆಳಗೆ ಬಿತ್ತು, ಹಾರ್ನ್, ಸರಿಯೇ ಬ್ರಿಟಾ, ಪಕ್ಕಕ್ಕೆ ಸರಿಯೇ — ಅವಳು ಕೈ ಇಳಿಸಿದಳು. ನನ್ನ ಕಾರಿನ ಗುರುತು ಹತ್ತಿತು ಅವಳಿಗೆ. ಅಮ್ಮ ಟೈರ್ ಹಾಕಿಸಿದ್ದಾಳೆ, ನಿಲ್ಲಿಸುತ್ತಾಳೆ ಅಂದುಕೊಂಡಿದ್ದಾಳೆ, ನಗುತ್ತಿದ್ದಾಳೆ, ಸಿಟ್ಟು ಇಳಿದಿದೆ. ಡೇಲ್ ಅವಳಿಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾರು ಓಡಿಸಲು ಕಲಿಸುತ್ತಿದ್ದ, ನಾನು ಹಿಂದಿನ ಸೀಟಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ, ಜಾರಿದಾಗ ಭಯ ಆದ ಕಡೆ ನೋಡ್ಬೇಡ ಮಗಳೇ, ಹೋಗಬೇಕಾದ ಕಡೆ ನೋಡು, ಕಣ್ಣು ಹೋದ ಕಡೆ ಕೈ ಹೋಗುತ್ತೆ, ಕೈ ಹೋದ ಕಡೆ ಕಾರು. ಬಲಕ್ಕೆ ಹಿಮದ ದಿಬ್ಬವಿದೆ, ಅದನ್ನು ನೋಡು, ಬ್ರೇಕ್ ಬಿಡು, ದಿಬ್ಬವನ್ನು ನೋಡು ಕರೀನ್, ಮಗಳಿಂದ ಕಣ್ಣು ಕೀಳು, ಕೀಳೇ, ದಿಬ್ಬ, ದಿಬ್ಬ, ಕಣ್ಣು ಸರಿಯುತ್ತಿಲ್ಲ, ಕಿತ್ತಳೆ ಟೋಪಿ, ಕಣ್ಣು ಕೀಳು, ಕಿತ್ತಳೆ ಟೋಪಿ, ಕಿತ್ತಳೆ