ಮೈದುನ ಜೋಡಿಸಿದ ಸೈಕಲ್ಲು

ವಾಚು ರಿಪೇರಿಯವನಿಗೆ ನಲವತ್ತಾರನೇ ವಯಸ್ಸಿನಲ್ಲಿ ಸೈಕಲ್ಲಿನ ಹುಚ್ಚು ಹಿಡಿಯಿತು. ಬಾಗಿದ ಹ್ಯಾಂಡಲ್ಲಿನ ರೇಸ್ ಸೈಕಲ್ಲೊಂದನ್ನು ಕೊಂಡ. ರಜಾದಿನ ಬೆಳಕು ಹರಿಯುವ ಮೊದಲೇ ಹೊರಟರೆ ಮನೆ ಸೇರುವುದು ಮಧ್ಯಾಹ್ನಕ್ಕೆ. ಆದರೆ ರಸ್ತೆಯ ಪ್ರತಿ ಕುಳಿಯೂ ನೇರ ಅಂಗೈಗೆ ಬಡಿಯುತ್ತಿತ್ತು. ಹೆಂಡತಿಯ ತಮ್ಮನದೇ ಸೈಕಲ್ ಅಂಗಡಿ. ಅಲ್ಲಿಗೆ ಹೋದ.

“ಸ್ವಲ್ಪ ಅಗಲದ ಟೈರು, ಹ್ಯಾಂಡಲ್ಲಿಗೆ ದಪ್ಪ ಪಟ್ಟಿ, ಒಳ್ಳೇ ಸೀಟು ಹಾಕ್ಕೊಡಪ್ಪ. ಕೈಯೆಲ್ಲ ಜುಮ್ ಅನ್ನುತ್ತೆ.”

ಗಿರಾಕಿಗಳಿಗೆಲ್ಲ ಕೇಳಿಸುವಂತೆ ಮೈದುನ ನಕ್ಕ. “ಭಾವ, ಅಷ್ಟು ಸುಖ ಬೇಕಿದ್ರೆ ಮಂಚಕ್ಕೇ ಚಕ್ರ ಹಾಕಿಸ್ಕೊಳ್ಳಿ! ಈ ಗಾಡಿಗೆ ತೆಳ್ಳಗಿನ ಟೈರೇ ಸರಿ. ಒಂದು ತಿಂಗಳು ನೋವು, ಆಮೇಲೆ ಮೈ ಒಗ್ಗುತ್ತೆ.”

ಇದ್ದುದಕ್ಕಿಂತಲೂ ತೆಳುವಾದ ಟೈರು ಹಾಕಿ, ಕಲ್ಲಿನಂತಾಗುವವರೆಗೆ ಗಾಳಿ ತುಂಬಿ, ಹ್ಯಾಂಡಲ್ಲನ್ನು ಎರಡು ಬೆರಳು ಕೆಳಗಿಳಿಸಿ ಕೊಟ್ಟ.

ಎಲ್ಲರೆದುರು ನಗೆಪಾಟಲಾದವನು ಹಲ್ಲುಕಚ್ಚಿ ಐದು ತಿಂಗಳು ತುಳಿದ. ಒಂದು ಬೆಳಿಗ್ಗೆ ತನ್ನ ವಾಚಿನ ಅಂಗಡಿಯಲ್ಲಿ ಚಿಮಟ ಹಿಡಿದರೆ ಬೆರಳುಗಳು ತನ್ನವೇ ಅಲ್ಲವೆನಿಸಿತು. ಸಾಸಿವೆಗಿಂತ ಸಣ್ಣ ತಿರುಪು ನೆಲಕ್ಕೆ ಬಿತ್ತು. ಮರುದಿನ ಮತ್ತೊಂದು.

“ಎರಡೂ ಕೈಯ ನರ ಜಜ್ಜಿಹೋಗಿದೆ. ಸರಿಯಾದ್ರೆ ಆಗಬಹುದು, ಹೇಳೋಕಾಗಲ್ಲ” ಎಂದರು ಡಾಕ್ಟರು.

ಸೈಕಲ್ಲನ್ನು ಊರಾಚೆಯ ಮೆಕ್ಯಾನಿಕ್ ಹೆಂಗಸಿಗೆ ತೋರಿಸಿದ. ಅವಳು ಟೈರು ಒತ್ತಿ ನೋಡಿ ಹುಬ್ಬೇರಿಸಿದಳು. “ಇದಕ್ಕೆ ಅಗಲದ್ದು ಆರಾಮಾಗಿ ಕೂರುತ್ತೆ. ಇದನ್ನ ಜೋಡಿಸಿದವರಿಗೆ ನಿಮ್ಮ ಮೇಲೇನಾದ್ರೂ ಹಗೆ ಇತ್ತಾ?”

ಮನೆಗೆ ಬಂದು ಮೈದುನನಿಗೆ ಹಿಡಿಶಾಪ ಹಾಕಿದ. ಹೆಂಡತಿ ತಲೆ ತಗ್ಗಿಸಿದಳು.

“ಅವನನ್ನ ಬೈಬೇಡಿ. ಹಾಗೆ ಮಾಡು ಅಂತ ನಾನೇ ಹೇಳಿದ್ದು. ನೋವಾದ್ರೆ ನೀವೇ ಬಿಟ್ಟುಬಿಡ್ತೀರ, ರಜಾದಿನವಾದ್ರೂ ಮನೇಲಿರ್ತೀರ ಅಂದ್ಕೊಂಡೆ.”

ತಿರುಪು ಹಿಡಿಯಲಾಗದ ಅವನು ವಾಚಿನ ಅಂಗಡಿ ಮುಚ್ಚಿ, ಹತಾರಗಳನ್ನು ಸಿಕ್ಕಷ್ಟಕ್ಕೆ ಮಾರಿ, ಆ ಹೆಂಗಸಿನ ಹತ್ತಿರ ಅಗಲದ ಟೈರು, ಮೆತ್ತನೆ ಪಟ್ಟಿ, ತನ್ನ ಅಳತೆಯ ಸೀಟು ಹಾಕಿಸಿ, ಹ್ಯಾಂಡಲ್ಲು ಎತ್ತರಿಸಿಕೊಂಡ. ಸೈಕಲ್ಲು ತೇಲಿದಂತೆ ಓಡತೊಡಗಿತು. ಮಾಡಲು ಬೇರೆ ಕೆಲಸವಿರಲಿಲ್ಲ. ದಿನವೂ ಹೊರಟ, ಕತ್ತಲಾಗುವವರೆಗೆ.

ಈಗ ಪ್ರತಿ ಬೆಳಿಗ್ಗೆ ಹೆಂಡತಿಯ ಮುಂದೆ ಎದೆಯೊಡ್ಡಿ ನಿಲ್ಲುತ್ತಾನೆ. ಅಂಗಿಯ ಗುಂಡಿ ಅವಳೇ ಹಾಕಬೇಕು.

“ಇವತ್ತೊಂದಿನ ಇರ್ರೀ.”

“ಬೇಗ ಹಾಕು, ಬಿಸಿಲೇರುತ್ತೆ.”

ಕೊನೆಯ ಗುಂಡಿಯನ್ನು ಅವಳು ಬೇಕೆಂದೇ ನಿಧಾನವಾಗಿ ಹಾಕುತ್ತಾಳೆ. ಅವನು ಅವಳ ತಲೆಯ ಮೇಲಿಂದ ಬಾಗಿಲ ಕಡೆ ನೋಡುತ್ತ ನಿಂತಿರುತ್ತಾನೆ.