ಆರನೆಯ ಫೋನು

ಎಡಗಿವಿಗೆ ಫೋನು ಒತ್ತಿಕೊಂಡು, ಬಾಯಿಗೆ ಅಂಗೈ ಮರೆಮಾಡಿ ಅವಳು ಪಿಸುಗುಟ್ಟುತ್ತಿದ್ದಳು. "ಈಗ ಪುಸ್ತಕ ತಂದ್ರು ಅಮ್ಮಾ. ಗಿಡಗಳ ಚಿತ್ರ ಇರೋದು. ರಟ್ಟು ಜೇನಿನ ಬಣ್ಣ. ಮೂಲೆಗಳು ಸವೆದು ಹಳೇ ದಿಂಬಿನ ಹಾಗೆ ಮೆತ್ತಗಾಗಿವೆ."

"ವಾಸನೆ?" ಆ ಕಡೆಯಿಂದ ಮುದುಕಿಯ ದನಿ.

"ಬೆಳಗ್ಗೆ ಮೂಸಿ ನೋಡಿದ್ದೆ. ಒಣಹುಲ್ಲು."

"ಹಾಗಾದ್ರೆ ಒಂದು ಕೂಗು ಹಾಕು."

ಅವಳು ಬಲಗೈ ಎತ್ತಿದಳು. ವೇದಿಕೆಯ ಮೇಲೆ ಸುತ್ತಿಗೆ ಹಿಡಿದಿದ್ದ ಯಜಮಾನರು ತಲೆಯಾಡಿಸಿದರು. ಮುಂದಿನ ಸಾಲಿನಲ್ಲಿ ಯಾರೋ ಅದಕ್ಕಿಂತ ಮೇಲೆ ಹೋದರು.

"ಸಾಕಮ್ಮ, ಬಿಡು," ಎಂದಿತು ಫೋನು.

ಹರಾಜಿನ ಮನೆಯ ಗೋಡೆಗೆ ತಾಗಿದ ಉದ್ದ ಮೇಜಿನ ಮೇಲೆ ಆರು ಫೋನುಗಳು. ಬರಲಾಗದವರ ಪರವಾಗಿ ಕೈ ಎತ್ತುವುದು ಅಲ್ಲಿ ಕೂತವರ ಕೆಲಸ. ಆರನೆಯದು ಅವಳದು. ಚಳಿಯಲ್ಲಿ ಹಳೆಯ ನಕಾಶೆಗಳು, ಬಿಸಿಲಿಗೆ ಪುಸ್ತಕಗಳು, ಮೋಡದ ತಿಂಗಳಲ್ಲಿ ಬಣ್ಣದ ಚಿತ್ರಗಳು, ವರ್ಷದ ಕೊನೆಗೆ, ಇವತ್ತಿನ ಹಾಗೆ, ಅಳಿದುಳಿದದ್ದೆಲ್ಲ ಒಟ್ಟಿಗೆ. ಎಷ್ಟು ಕಡಲು, ಎಷ್ಟು ಕುದುರೆ, ಯಾರ್‍ಯಾರ ಮನೆಯ ಸತ್ತ ಅಜ್ಜಂದಿರ ಮುಖ ಆ ಕೋಣೆಗೆ ಬಂದು ಒಂದು ಮಧ್ಯಾಹ್ನ ಕೂತು ಎದ್ದು ಹೋಗಿದ್ದವೋ. ಕಣ್ಣು ಮಂಜಾಗಿದ್ದ ಆ ಮುದುಕಿ ಅಷ್ಟನ್ನೂ ಅವಳ ಬಾಯಿಂದಲೇ ನೋಡಿದ್ದಳು. ಒಂದನ್ನೂ ಕೊಂಡಿರಲಿಲ್ಲ. ಇನ್ನೇನು ಕೈಗೆ ಬಂತು ಅನ್ನುವಾಗ "ಸಾಕಮ್ಮ" ಅಂದುಬಿಡುವಳು. ಆಫೀಸಿನಲ್ಲಿ ಮುದುಕಿಗೆ ಅದೇ ಹೆಸರು ನಿಂತಿತ್ತು.

ಆರನೆಯ ಫೋನಿನವಳ ಮನೆಯಲ್ಲಿ ಗಂಡನಿಗೆ ಅವಳ ಮಾತು ಫ್ಯಾನಿನ ಸದ್ದಿದ್ದ ಹಾಗೆ. ಕೆಟ್ಟವನಲ್ಲ, ಸದ್ದು ನಿಂತರೆ ಮಾತ್ರ ಅವನಿಗೆ ಗೊತ್ತಾಗುತ್ತದೆ, ಅಷ್ಟೆ. ಏನು ಕಂಡೆ, ಹೇಗಿತ್ತು ಎಂದು ಅವಳನ್ನು ಕೇಳಿದವಳು ಈ ಸಾಕಮ್ಮ ಒಬ್ಬಳೇ.

ಬೆಳಗ್ಗೆ ಯಜಮಾನರು ಮೇಜಿನ ಹತ್ತಿರ ಬಂದು ನಿಂತಿದ್ದರು. "ಸಾಕಮ್ಮನಿಗೆ ಇವತ್ತೇ ಕೊನೆ. ಲೈನಿಗೆ ಹೊಸಬರು ಕಾಯ್ತಿದಾರೆ. ಇವತ್ತಾದ್ರೂ ಏನಾದ್ರೂ ಕೊಂಡ್ರೆ ನೋಡೋಣ. ಇಲ್ಲಾಂದ್ರೆ ಇನ್ನು ಫೋನು ಮಾಡಲ್ಲ ಅಂತ ನೀವೇ ಹೇಳಿಬಿಡಿ."

"ಅಕ್ಕನ ರೇಡಿಯೋ ಬಂದ್ ಆಯ್ತು ಅನ್ನಿ," ಎಂದಿದ್ದ ಐದನೆಯ ಫೋನಿನವ.

"ನಿನ್ನ ಫೋನಲ್ಲಿ ಬರೀ ಉಗುಳು ನುಂಗೋ ಸದ್ದು, ಸುಮ್ನಿರು," ಎಂದು ಅವಳೂ ನಕ್ಕಿದ್ದಳು.

ಈಗ ಕೊನೆಯ ವಸ್ತು ಬಂತು. ಅಂಗೈ ಎರಡು ಸೇರಿಸಿದಷ್ಟು ಅಗಲದ ಚಿತ್ರ. ಅರ್ಧ ತೆರೆದ ನೀಲಿ ಬಾಗಿಲು, ಆಚೆ ಅಂಗಳ, ಅಂಗಳದ ಮೇಲೆ ಎಲ್ಲಿಗೂ ಹೋಗುವ ಅವಸರವಿಲ್ಲದ ಬೆಳಕು. ಮನುಷ್ಯರ ಸುಳಿವಿಲ್ಲ. ನೋಡುತ್ತ ನೋಡುತ್ತ ಸಭೆಯ ಗದ್ದಲ ನೀರಿನಡಿಗೆ ಹೋದಂತೆ ಅವಳಿಗೆ ದೂರವಾಯಿತು. ಸ್ವಲ್ಪ ಚೆನ್ನಾಗಿ ಹೇಳಿದರೆ ಸಾಕಮ್ಮ ಕೊಂಡಾಳು. ಕೊಂಡರೆ ಲೈನು ಉಳಿದೀತು.

"ನೀಲಿ ಬಾಗಿಲು ಅಮ್ಮಾ, ಅರ್ಧ ತೆರೆದಿದೆ," ಎಂದಳು. ನಾಲಿಗೆ ಅಲ್ಲಿಗೇ ನಿಲ್ಲಲಿಲ್ಲ. "ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದಾಳೆ."

ಮುಂದಿನ ಸಾಲಿನಲ್ಲಿ ಯಾರೋ ಕೈ ಎತ್ತಿದರು.

"ಒಂದು ಸಲ," ಎಂದರು ಯಜಮಾನರು.

"ಅಲ್ಲಿ ಯಾವ ಹೆಂಗಸೂ ಇಲ್ಲ ಮಗಳೇ," ಎಂದಳು ಸಾಕಮ್ಮ, ಮೆಲ್ಲಗೆ. "ಮಾರೋವರೆಗೂ ಅದು ನಮ್ಮ ಊಟದ ಕೋಣೇಲಿತ್ತು. ಆ ಬಾಗಿಲಿಗೆ ಯಾರಾದ್ರೂ ಬರ್ತಾರೇನೋ ಅಂತ ತಟ್ಟೆ ಮುಂದೆ ಕೂತು ಎಷ್ಟೋ ವರ್ಷ ಕಾದಿದ್ದೆ."

ಅವಳ ಮುಖ ಕೆಂಪಾಯಿತು. "ತಪ್ಪಾಯ್ತಮ್ಮ. ನೀವು ಕೊಳ್ಳಲಿ ಅಂತ..."

"ಈ ಕಣ್ಣಿಗೆ ಗೋಡೆನೇ ಕಾಣ್ಸಲ್ಲ, ಚಿತ್ರ ತಗೊಂಡು ಏನ್ಮಾಡ್ಲಿ? ಇರಲಿ. ಕೊನೆಗೂ ಬಂದ್ಲಲ್ಲ. ಏನು ಮಾಡ್ತಿದಾಳೆ?"

"ಎರಡು ಸಲ."

ಅವಳು ಇಲ್ಲದ ಹೆಂಗಸನ್ನು ನೋಡಿದಳು. ಸೀರೆಯ ಬಣ್ಣ ಕಾಣಲಿಲ್ಲ. ಭುಜ ಕಂಡಿತು, ತನ್ನದೇ ಭುಜ, ಎಡಕ್ಕೆ ಕೊಂಚ ವಾಲಿದ್ದು. "ಚೌಕಟ್ಟು ಹಿಡ್ಕೊಂಡಿದಾಳೆ. ಒಳಗೆ ಬರ್ತಾಳೋ ಹೊರಗೆ ಹೋಗ್ತಾಳೋ ಗೊತ್ತಾಗ್ತಿಲ್ಲಮ್ಮ."

"ಗೊತ್ತಾದಾಗ ನನಗೂ ಹೇಳು. ಈಗ ಸಾಕಮ್ಮ, ಬಿಡು."

ಸುತ್ತಿಗೆ ಬಿತ್ತು. ಬಾಗಿಲು ಬೇರೆ ಯಾರದೋ ಆಯಿತು.

ಯಜಮಾನರು ವೇದಿಕೆಯಿಂದಲೇ ಹುಬ್ಬೆತ್ತಿ ಅವಳತ್ತ ನೋಡಿದರು. "ಅಮ್ಮಾ," ಎಂದಳು.

"ಮುಂದಿನದು ಯಾವಾಗ?" ಮುದುಕಿಯೇ ಕೇಳಿದಳು.

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು, ತಿರುಗಿ ಹೋಯಿತು. "ಚಳಿಯಲ್ಲೇ. ನಕಾಶೆಗಳು."

"ಸರಿ ಹಾಗಾದ್ರೆ, ಕಡಲು ನೋಡೋಣ."

ಸಭೆ ಬರಿದಾದ ಮೇಲೆ ಯಜಮಾನರು ಬಂದರು. "ಹೇಳಿದ್ರಾ?"

"ಮಾತಾಡಿದೆ ಸಾರ್."

ಅವರು ಅಷ್ಟಕ್ಕೆ ತೃಪ್ತರಾಗಿ ಹೋದರು. ಜನ ಬಿಟ್ಟುಹೋದ ಕ್ಯಾಟಲಾಗುಗಳನ್ನು ಹೆಕ್ಕುತ್ತ ಅವಳು ಕೊನೆಯ ಸಾಲಿಗೆ ಬಂದಳು. ಅಲ್ಲಿ ಕೂರಲು ಯಾರೂ ಯಾರನ್ನೂ ಕೇಳಬೇಕಿಲ್ಲ. ಬೀದಿಯಲ್ಲಿ ಹೋಗುವವರೂ ಬಂದು ಕೂರುತ್ತಾರೆ. ಕಂಬದ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದಳು. ವೇದಿಕೆ ಅರ್ಧ ಮರೆಯಾಗುತ್ತಿತ್ತು. ಎದ್ದು ಕುರ್ಚಿಯನ್ನು ಒಂದು ಗೇಣು ಈಚೆ ಎಳೆದಳು. ಈಗ ಪೂರ್ತಿ ಕಾಣುತ್ತಿತ್ತು.

ನಕಾಶೆಗಳ ಹರಾಜಿನ ದಿನ ರಜೆ ಹಾಕಿ ಇಲ್ಲೇ ಬಂದು ಕೂರುವುದು. ಆರನೆಯ ಫೋನನ್ನು ಯಾರಾದರೂ ಹಿಡಿಯಲಿ. ಸಾಕಮ್ಮನ ನಂಬರು ಅವಳಿಗೆ ಬಾಯಿಪಾಠವಿತ್ತು, ಚೀಲದಲ್ಲಿ ತನ್ನದೇ ಮೊಬೈಲಿತ್ತು.

"ಏನಕ್ಕಾ, ಕುರ್ಚಿ ಜೊತೆ ಏನು ಮಾತು?" ಎಂದ ಐದನೆಯವ, ಬಾಗಿಲಿಂದ.

"ಏನಿಲ್ಲ, ಸೊಟ್ಟಗಿತ್ತು," ಎಂದು ಅವಳು ಚೀಲ ಹೆಗಲಿಗೇರಿಸಿದಳು.