ಕೀಲಿ ಕೊಟ್ಟರು, ಹೆಸರು ಉಳಿಸಿಕೊಂಡರು

ಕಾರು ಬೀದಿಗಿಂತ ದೊಡ್ಡದಾಗಿತ್ತು. ಅದು ಡ್ರೈವರಣ್ಣನ ಮನೆಮುಂದೆ ನಿಂತರೆ ಎದುರುಮನೆಯ ಬಡಗಿ ತನ್ನ ಹಲಗೆಗಳನ್ನು ತಲೆಯ ಮೇಲೆ ಹೊತ್ತು ದಾಟಿಸಬೇಕಿತ್ತು.

"ಅಣ್ಣಾ, ಇದನ್ನ ಮಾರ್ತೀರೋ, ಇಲ್ಲ ನಾವೇ ಬೀದಿ ಬಿಟ್ಟು ಹೋಗ್ಬೇಕೋ?" ಎಂದು ಬಡಗಿ ಕೇಳುತ್ತಿದ್ದ.

ಎಲ್ಲರೂ ಡ್ರೈವರಣ್ಣ ಎನ್ನುವ ಆ ಹಿರಿಯರು ಮೂವತ್ತು ವರ್ಷ ಯಜಮಾನರ ಕಾರು ಓಡಿಸಿದವರು. ಯಾವ ಗೇಟಿನಲ್ಲಿ "ಕಾರು ಯಾರದು?" ಎಂದು ಕೇಳಿದರೂ "ಯಜಮಾನರದು" ಎಂದವರು. ಕೆಲಸ ಬಿಡುವ ದಿನ ಯಜಮಾನರು ಆ ಹಳೆಯ ಐಷಾರಾಮಿ ಕಾರನ್ನೇ ಅವರ ಹೆಸರಿಗೆ ಮಾಡಿಕೊಟ್ಟರು. ನೋಂದಣಿ ಪತ್ರದಲ್ಲಿ 'ಮಾಲೀಕರು' ಎಂಬಲ್ಲಿ ತಮ್ಮ ಹೆಸರನ್ನು ಅವರು ದಿನಕ್ಕೆರಡು ಸಲ ಓದುತ್ತಿದ್ದರು.

ಆದರೆ ಅದನ್ನು ಸಾಕುವುದು ಕೈಲಾಗದ ಮಾತು. ಕೊಳ್ಳಲು ಒಬ್ಬ ಬಂದ. "ಹೆಸರು ಬದಲಾವಣೆಯ ಖಾಲಿ ಅರ್ಜಿಗೆ ಸಹಿ ಹಾಕಿ ಕೊಡಿ ಸಾಕು. ಹೆಸರು ಆಮೇಲೆ ಬದಲಾಯಿಸ್ಕೋತೀನಿ" ಎಂದ.

ಸೊಸೆ ವಿಮೆ ಕಚೇರಿಯಲ್ಲಿ ಗುಮಾಸ್ತೆ. ಒಳಗೆ ಕರೆದು ಹೇಳಿದಳು: "ಮಾವ, ಇಬ್ಬರೂ ಒಟ್ಟಿಗೆ ಸಾರಿಗೆ ಕಚೇರಿಗೆ ಹೋಗಿ. ಹೆಸರು ಬದಲಾದ ಮೇಲೆ ಕೀಲಿ ಕೊಡಿ."

"ನಾಲ್ಕು ದಿನ ನನ್ನ ಹೆಸರು ಇರ್ಲಿ ಬಿಡಮ್ಮ. ಹೆಸರೇನು ಪೆಟ್ರೋಲ್ ಕುಡಿಯುತ್ತಾ?"

"ಕಾರು ಯಾರಿಗಾದ್ರೂ ಗುದ್ದಿದ್ರೆ ಮೊದಲು ಹುಡುಕೋದು ಆ ಹೆಸರನ್ನೇ."

"ಒಳ್ಳೇ ಮಾತಾಡು ತಾಯಿ" ಎಂದು ಹೊರಗೆ ಬಂದು ಸಹಿ ಹಾಕಿ, ಕೀಲಿ ಕೊಟ್ಟುಬಿಟ್ಟರು.

ನಾಲ್ಕು ದಿನ ನಾಲ್ಕು ತಿಂಗಳಾಯಿತು. ಒಂದು ಬೆಳಗ್ಗೆ ಇಬ್ಬರು ಪೊಲೀಸರು ಅವರ ಹೆಸರು ಹಿಡಿದು ಬಾಗಿಲು ತಟ್ಟಿದರು. ಕಾರು ಇಸ್ತ್ರಿ ಅಂಗಡಿಯ ಹೆಂಗಸೊಬ್ಬಳಿಗೆ ಗುದ್ದಿತ್ತು. ಓಡಿಸುತ್ತಿದ್ದವನು ಪರಾರಿ. ಕೊಂಡವನ ಫೋನ್ ಬಂದ್. ವಿಮೆಯ ಅವಧಿಯೂ ಮುಗಿದಿತ್ತು; ಪರಿಹಾರದ ಹೊಣೆ ಪತ್ರದಲ್ಲಿ ಹೆಸರಿದ್ದವರ ಮೇಲೇ ಬಿತ್ತು.

"ಬೈಯಮ್ಮ, ಬಾಯಿಗೆ ಬಂದ ಹಾಗೆ ಬೈದುಬಿಡು" ಎಂದರು ಡ್ರೈವರಣ್ಣ.

"ಬೈದರೆ ಆಕೆ ಎದ್ದು ಓಡಾಡ್ತಾಳಾ ಮಾವ?"

ಠಾಣೆಯಲ್ಲಿ ಹೇಳಿಕೆ ಕೊಟ್ಟು ಡ್ರೈವರಣ್ಣ ನೇರ ಆಸ್ಪತ್ರೆಗೆ ಹೋದರು. ಆ ಹೆಂಗಸು ಇನ್ನು ನಡೆಯಲಾರಳು ಎಂದು ವೈದ್ಯರು ಹೇಳಿಯಾಗಿತ್ತು. ವಾರ್ಡಿನ ಹೊರಗೆ, ಬೆಂಚಿನ ತುದಿಯಲ್ಲಿ, ಅವಳ ಮಗಳು ತಾಯಿಯ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಲೆಯೆತ್ತಿ ಕೇಳಿದಳು:

"ಆ ಕಾರು ಯಾರದು?"

ಡ್ರೈವರಣ್ಣ ಬೆಂಚಿನ ಹತ್ತಿರ ಬಂದು ನಿಂತರು.

"ನನ್ನದು" ಎಂದರು.

ಓದುತ್ತಿರುವವರೇ, ನೀವು ಕಾರು ಮಾರುತ್ತಿದ್ದೀರಾ? ಖಾಲಿ ಅರ್ಜಿಗೆ ಸಹಿ ಹಾಕಬೇಡಿ. ಕೊಳ್ಳುವವರನ್ನು ಕರೆದುಕೊಂಡು ನೀವೇ ಸಾರಿಗೆ ಕಚೇರಿಗೆ ಹೋಗಿ. ಹೆಸರು ಬದಲಾದ ಪತ್ರವನ್ನು ಕಣ್ಣಾರೆ ನೋಡಿ, ಒಂದು ಪ್ರತಿ ಇಟ್ಟುಕೊಂಡು, ಆಮೇಲೆ ಕೀಲಿ ಕೊಡಿ. ಡ್ರೈವರಣ್ಣ ಮುಂದೂಡಿದ್ದು ಇಷ್ಟೇ ಕೆಲಸವನ್ನು. ನೀವು ಇವತ್ತೇ ಹೋಗಿ ಬನ್ನಿ.